ಕೂಗಿದ್ದು ಯಾವ ಟಿಟ್ಟಿಭ?

ಆಳಂದ, ಅಫಜಲಪುರ, ಜೇವರ್ಗಿ ಕಡೆ ತೊಗರಿ ಕೊಯ್ದು ಬರಿದಾದ ಎರೆಹೊಲಕ್ಕೆ ಕಾಲಿಟ್ಟರೆ ಸಾಕು, ಟಿಟ್ಟಿಭ ಅರಚಿಕೊಳ್ಳುತ್ತದೆ. ಹೆಸರೇ ಕೂಗಿನಿಂದ ಹುಟ್ಟಿದ್ದು. ಇಂಗ್ಲಿಷರ ಕಿವಿಗೆ ಅದು ‘ಡಿಡ್ ಹೀ ಡೂ ಇಟ್’ ಎಂದು ಕೇಳಿಸಿತು, ‘ಅವನು ಮಾಡಿದನೇ?’ ಎಂಬ ಪಾಟೀಸವಾಲು! ಇದು ಕಣ್ಣಿನ ಮುಂದೆ ಕೆಂಪು ತೊಗಲಿರುವ, ಭೀಮೆಯಂಥ ನೀರಿನ ಆಸುಪಾಸು ಬಯಸುವ ಹಕ್ಕಿಯ ಕೂಗು. ಒಣ ಬಯಲನ್ನೇ ಮೆಚ್ಚುವ ಹಳದಿ ತೊಗಲಿನದರ ಕೂಗು ಬೇರೆ: ತೆಳುವಾದ ‘ಟೀ-ಈ’, ಅಷ್ಟೆ.

ಎರಡೂ ಮರದ ಗೊಡವೆಗೆ ಹೋಗುವುದಿಲ್ಲ. ಬೇಸಿಗೆಯಲ್ಲಿ ಬರಿನೆಲದ ಗುಳಿಯಲ್ಲೇ ಮಣ್ಣುಬಣ್ಣದ ಮೊಟ್ಟೆ ಇಡುತ್ತವೆ, ಸಾಮಾನ್ಯವಾಗಿ 4. ಹೊಲಕ್ಕೆ ಟ್ರ್ಯಾಕ್ಟರ್ ಇಳಿಯುವುದೂ ಆಗಲೇ. ಆ ಸದ್ದಿನಲ್ಲಿ ಕೂಗು ಯಾರಿಗೆ ಕೇಳಬೇಕು? ನಡೆದು ಹೋಗುವವರಿಗಾದರೂ ಕೇಳುತ್ತದೆ. ಹಕ್ಕಿ ತಲೆಯ ಮೇಲೆ ಸುತ್ತಿ ಸುತ್ತಿ ಕೂಗಿದರೆ ಮೊಟ್ಟೆಯೋ ಮರಿಯೋ ಕಾಲ ಹತ್ತಿರದಲ್ಲೇ ಇರುತ್ತದೆ.