ಮೂಲೆ ಸೇರಿದ ಕಂಪ್ಯೂಟರ್‌ಗೆ ರೌಟರ್ ಕೆಲಸ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಅಧಿಕೃತ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಒಗ್ಗದ, ಆದರೆ ಗಟ್ಟಿಮುಟ್ಟಾಗಿಯೇ ಇರುವ ಎಷ್ಟೋ ಕಂಪ್ಯೂಟರ್‌ಗಳು ಅಟ್ಟ ಸೇರುತ್ತಿವೆ. ಗುಜರಿಗೆ ಹಾಕುವ ಮುನ್ನ ಒಂದು ಮಾತು: ಮನೆಯ ಇಂಟರ್ನೆಟ್ ಹಂಚುವ ರೌಟರ್ ಆಗಿ ಅದು ಇನ್ನೂ ಹಲವು ವರ್ಷ ದುಡಿಯಬಲ್ಲದು.

ಬೇಕಿರುವುದು ಎರಡು ನೆಟ್‌ವರ್ಕ್ ಪೋರ್ಟ್. ಒಂದಕ್ಕೆ ಹೊರಗಿನಿಂದ ಬರುವ ಸಂಪರ್ಕ, ಇನ್ನೊಂದಕ್ಕೆ ಮನೆಯೊಳಗಿನ ಸ್ವಿಚ್. ಡೆಸ್ಕ್‌ಟಾಪ್‌ನಲ್ಲಿ ಸಾಮಾನ್ಯವಾಗಿ ಒಂದೇ ಇರುವುದರಿಂದ ಗಿಗಾಬಿಟ್ ಕಾರ್ಡ್ ಒಂದನ್ನು ಕೂರಿಸಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಹುಡುಕುವುದಾದರೆ ಸೆಕೆಂಡ್‌ಹ್ಯಾಂಡ್ ಇಂಟೆಲ್ ಕಾರ್ಡ್ ಆದರೂ ಸರಿಯೇ. ವೈಫೈಗೆ ಈಗಿರುವ ರೌಟರನ್ನೇ ಆಕ್ಸೆಸ್ ಪಾಯಿಂಟ್ ಮಾಡಿಕೊಂಡರಾಯಿತು.

ತಂತ್ರಾಂಶಕ್ಕೆ ಕಾಸು ಕೊಡಬೇಕಿಲ್ಲ. ಲಿಂಕ್‌ಸಿಸ್‌ನ ಡಬ್ಲ್ಯುಆರ್‌ಟಿ54ಜಿ ರೌಟರ್‌ನೊಳಗೆ ಲಿನಕ್ಸ್ ಇರುವುದು 2003ರಲ್ಲಿ ಬಯಲಾಯಿತು. ಲಿನಕ್ಸ್‌ನ ಜಿಪಿಎಲ್ ಪರವಾನಗಿಗೆ ಕಟ್ಟುಬಿದ್ದು ಕಂಪನಿ ಅದರ ಸೋರ್ಸ್ ಕೋಡನ್ನು ಬಿಡುಗಡೆ ಮಾಡಬೇಕಾಯಿತು. ಆ ಕೋಡ್ ಹಿಡಿದು ಮರುವರ್ಷ ಹುಟ್ಟಿದ ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ತಂತ್ರಾಂಶ ಇವತ್ತು ಮಾಮೂಲಿ ಪಿಸಿಯಲ್ಲೂ ಓಡುತ್ತದೆ. ಐಪಿ ವಿಳಾಸ ಹಂಚುವುದು, ಫೈರ್‌ವಾಲ್, ಜಾಹೀರಾತು ತಡೆಯುವುದು ಎಲ್ಲವೂ ಬ್ರೌಸರ್‌ನಲ್ಲೇ ಆಗುವ ಕೆಲಸ.

ಹಳೆಯ ಯಂತ್ರದ ನಿಜವಾದ ಬಲ ಕಾಣುವುದು ಬೇರೆ ಕಡೆ. ಒಬ್ಬರ ಫೋನಿನಿಂದ ಫೋಟೊ ಬ್ಯಾಕಪ್ ಶುರುವಾದೊಡನೆ ಪಕ್ಕದ ಕೋಣೆಯ ವಿಡಿಯೊ ಕಾಲ್ ತಡವರಿಸುತ್ತದೆ. ವೇಗ ಸಾಲದೆಂದು ನಾವು ದುಬಾರಿ ಪ್ಲಾನ್ ಹಾಕಿಸುತ್ತೇವೆ. ತೊಂದರೆ ಎಷ್ಟೋ ಸಲ ವೇಗದ್ದಲ್ಲ, ಸರದಿಯದು. ಫೋಟೊಗಳ ಪ್ಯಾಕೆಟ್‌ಗಳು ಮೋಡೆಮ್‌ನ ಬಫರ್ ತುಂಬಿ ನಿಂತಾಗ ಮಾತಿನ ಪುಟ್ಟ ಪ್ಯಾಕೆಟ್ ಅವುಗಳ ಹಿಂದೆ ಕಾಯುತ್ತದೆ. ಇದೇ ಬಫರ್‌ಬ್ಲೋಟ್. ಓಪನ್‌ಡಬ್ಲ್ಯುಆರ್‌ಟಿಯ ಎಸ್‌ಕ್ಯೂಎಂ ಎಂಬ ಸೌಲಭ್ಯ ಪ್ರತಿ ಹರಿವಿಗೂ ಬೇರೆ ಸಾಲು ಮಾಡಿ ಸರದಿ ಪ್ರಕಾರ ಬಿಡುತ್ತದೆ. ಅದರಲ್ಲಿ ವೇಗದ ಮಿತಿಯನ್ನು ಪ್ಲಾನಿನ ವೇಗದ ಶೇ 90ರ ಸುಮಾರಿಗೆ ಇಟ್ಟರೆ ಸಾಲು ಮೋಡೆಮ್‌ನಲ್ಲಿ ಬೆಳೆಯದೆ ನಮ್ಮ ಕೈಯಲ್ಲೇ ಇರುತ್ತದೆ. ವೇಗದ ಫೈಬರ್‌ನಲ್ಲಿ ಈ ಲೆಕ್ಕಾಚಾರಕ್ಕೆ ಅಗ್ಗದ ರೌಟರ್‌ನ ಪ್ರೊಸೆಸರ್ ಏದುಸಿರು ಬಿಡುತ್ತದೆ. ಹತ್ತು ವರ್ಷ ಹಳೆಯ ಕೋರ್ ಐ3ಗೆ ಅದು ಭಾರವೇ ಅಲ್ಲ.

ಕರೆಂಟ್ ಬಿಲ್ಲನ್ನು ಮಾತ್ರ ಮರೆಯುವಂತಿಲ್ಲ. 50 ವ್ಯಾಟ್ ಎಳೆಯುವ ಡೆಸ್ಕ್‌ಟಾಪ್ ಹಗಲೂ ರಾತ್ರಿ ಉರಿದರೆ ತಿಂಗಳಿಗೆ 36 ಯೂನಿಟ್. ಹಾಗಾಗಿ ಪೆಂಟಿಯಂ 4 ಕಾಲದ ದೊಡ್ಡ ಡಬ್ಬಿಗಳನ್ನು ನಾನು ಸೂಚಿಸುವುದಿಲ್ಲ. ಮಿನಿ ಪಿಸಿ ಅಥವಾ ಪರದೆ ಒಡೆದ ಲ್ಯಾಪ್‌ಟಾಪ್ ಒಳ್ಳೆಯದು. ಲ್ಯಾಪ್‌ಟಾಪ್‌ಗೆ ಎರಡನೇ ಪೋರ್ಟ್ ಯುಎಸ್‌ಬಿ 3 ಅಡಾಪ್ಟರ್‌ನಿಂದ ಬರುತ್ತದೆ. ಬ್ಯಾಟರಿ ಉಬ್ಬಿದ್ದರೆ ಮೊದಲು ತೆಗೆಸಿ.

ಇನ್‌ಸ್ಟಾಲ್ ಮಾಡಿದರೆ ಡಿಸ್ಕ್ ಪೂರ್ತಿ ಅಳಿಯುತ್ತದೆ, ಹಳೆಯ ಫೋಟೊಗಳನ್ನು ಮೊದಲೇ ತೆಗೆದಿಡಿ. ಫೈಬರ್ ಡಬ್ಬಿಯನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಸಿ, ಪಿಪಿಪಿಒಇ ಸಂಪರ್ಕವಾದರೆ ಯೂಸರ್‌ನೇಮ್, ಪಾಸ್‌ವರ್ಡ್‌ಗಳನ್ನು ಇಂಟರ್ನೆಟ್ ಕಂಪನಿಯವರನ್ನು ಕೇಳಿ ಬರೆದಿಟ್ಟುಕೊಳ್ಳಿ. ಮನೆಯವರಿಗೆಲ್ಲ ನೆಟ್ ಬೇಕಾದ ಹೊತ್ತಿನಲ್ಲಂತೂ ಈ ಕೆಲಸಕ್ಕೆ ಕೈಹಾಕಬೇಡಿ.