ಎರೆಯ ಹಕ್ಕಿ, ಕೆರೆಯ ಹಕ್ಕಿ

ಜಕ್ಕಲಿಯ ಎರೆಹೊಲದ ಬದುವಿನ ಮೇಲೆ ನಿಂತರೆ ಕಣ್ಣು ಹರಿಯುವಷ್ಟು ದೂರವೂ ಬಯಲೇ. ಇಂತಹ ಬಯಲನ್ನು ನೆಚ್ಚಿದ ಹಕ್ಕಿ ಎರೆಭೂತ. ಎರೆಯೆಂಬುದು ಅದರ ಹೆಸರಿನಲ್ಲಿಯೇ ಇದೆ. ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಅತಿಥಿ ಪಟ್ಟೆತಲೆ ಹೆಬ್ಬಾತು. ಇವೆರಡನ್ನೂ ಹೋಲಿಸಿ ನೋಡೋಣ.

ಹೆಬ್ಬಾತು ಬಾತುಗಳ ಕುಟುಂಬದ್ದು. ಜಾಲಪಾದದಿಂದ ಈಜಬಲ್ಲುದು. ಮಂಗೋಲಿಯ, ಟಿಬೆಟ್ಟುಗಳಲ್ಲಿ ಮರಿಮಾಡಿ, ಹಿಮಾಲಯವನ್ನು ದಾಟಿ ಬರುತ್ತದೆ; ಕೆರೆಯಲ್ಲಿ ತಂಗಿ ಹೊಲಗಳಲ್ಲಿ ಮೇಯುತ್ತದೆ. ಎರೆಭೂತವು ಓಟಿಡಿಡೇ ಎಂಬ ಬೇರೆಯೇ ಕುಟುಂಬದ್ದು. ಅದರ ಪಾದಕ್ಕೆ ಹಿಂಬೆರಳಿಲ್ಲ. ಆದುದರಿಂದ ಕೊಂಬೆಯನ್ನು ಹಿಡಿದು ಕೂಡಲಾರದು. ಹುಲ್ಲುಗಾವಲಿನಲ್ಲಿ ನಡೆದಾಡಿ ಹುಳುಹುಪ್ಪಟೆ, ಕಾಳುಗಳನ್ನು ಆಯುತ್ತದೆ. ಗಂಡು 15 ಕಿಲೋದವರೆಗೂ ತೂಗುವುದುಂಟು.

ಹೆಬ್ಬಾತಿಗೆ ಸದ್ಯಕ್ಕೆ ಅಳಿವಿನ ಭಯವಿಲ್ಲ. ಮಾಗಡಿ ಕೆರೆಗೂ 2024ರಲ್ಲಿ ರಾಮ್‌ಸಾರ್ ಮನ್ನಣೆ ದೊರೆಯಿತು. ಎರೆಭೂತವನ್ನಾದರೋ 2011ರಲ್ಲಿಯೇ ತೀವ್ರ ಅಪಾಯದ ಪಟ್ಟಿಗೆ ಸೇರಿಸಲಾಯಿತು. ಉಳಿದಿರುವ ಸುಮಾರು 150ರಲ್ಲಿ ಬಹುಪಾಲು ರಾಜಸ್ಥಾನದಲ್ಲಿವೆ; ನಮ್ಮ ನಾಡಿನಲ್ಲಿ ಸಿರುಗುಪ್ಪದ ಸೀಮೆಯಲ್ಲಿ ಬೆರಳೆಣಿಕೆಯಷ್ಟು ಮಾತ್ರ. ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ. ಹುಲ್ಲುಗಾವಲೆಲ್ಲ ನೇಗಿಲಿಗೆ ಸಿಕ್ಕಿತು. ಹಾರುವಾಗ ವಿದ್ಯುತ್ ತಂತಿ ಕಣ್ಣಿಗೆ ಬೀಳದೆ ಬಡಿದು ಸಾಯುತ್ತದೆ.

ಕೆರೆಯನ್ನು ಕಾಯಬೇಕೆಂಬುದು ನಮಗೆ ಹಿರಿಯರಿಂದ ಬಂದ ಬುದ್ಧಿ. ಬೀಳುನೆಲವನ್ನು ಮಾತ್ರ ಬರಿದೆಂದು ತಿಳಿದೆವು. ಅದೂ ಒಂದು ಮನೆಯೇ ಎಂಬುದನ್ನು ನಮ್ಮ ಮಕ್ಕಳಿಗಾದರೂ ಹೇಳಿಕೊಡೋಣ.