ವೀಲ್‌ಚೇರ್ ಸಿಕ್ಕಿತು, ಕಾಲೇಜಿನಲ್ಲಿ ನೋಡಿಕೊಳ್ಳುವವರು ಯಾರು?

ಕಾಸರಗೋಡು, ಮಂಜೇಶ್ವರ ಕಡೆಯ ಮಕ್ಕಳು ಡಿಗ್ರಿಗೆ ಮಂಗಳೂರಿಗೆ ಬರುವುದು ಹೊಸತಲ್ಲ. ಆದರೆ ಬೆನ್ನುಹುರಿಗೆ ಪೆಟ್ಟಾಗಿ ಕೈಕಾಲಿನ ಬಲ ಕಳೆದುಕೊಂಡ ವಿದ್ಯಾರ್ಥಿಯಾದರೆ, ‘ಅಲ್ಲಿ ಯಾರು ನೋಡಿಕೊಳ್ತಾರೆ?’ ಎಂಬ ಪ್ರಶ್ನೆ ಮೊದಲು ಬರುತ್ತದೆ. ಇದಕ್ಕೆ ಉತ್ತರವನ್ನು ಅಡ್ಮಿಷನ್‌ಗೆ ಮುಂಚೆಯೇ ಹುಡುಕಬೇಕು.

ಮೊದಲು ಒಂದು ದಿನದ ಕೆಲಸಗಳ ಪಟ್ಟಿ ಬರೆಯಿರಿ. ಹಾಸಿಗೆಯಿಂದ ಏಳುವುದು, ಸ್ನಾನ, ಶೌಚ, ಬಟ್ಟೆ, ಊಟ, ಕ್ಲಾಸಿಗೆ ಹೋಗುವುದು ಇವುಗಳಲ್ಲಿ ಯಾವುದು ಸ್ವಂತ ಆಗುತ್ತದೆ, ಯಾವುದಕ್ಕೆ ಇನ್ನೊಬ್ಬರ ಕೈ ಬೇಕು? ಟ್ಯೂಬ್ ಹಾಕಿ ಮೂತ್ರ ತೆಗೆಯುವವರಿಗೆ ಸಾಮಾನ್ಯವಾಗಿ 4ರಿಂದ 6 ಗಂಟೆಗೊಮ್ಮೆ ಅದು ಆಗಲೇಬೇಕು. ರಾತ್ರಿ ಮಗ್ಗುಲು ಬದಲಿಸದಿದ್ದರೆ ಒತ್ತಡದ ಹುಣ್ಣು ಏಳುತ್ತದೆ.

ಈ ಪಟ್ಟಿ ನೋಡಿಯೇ ಹೋಂ ನರ್ಸ್ ಅಥವಾ ಸಹಾಯಕರನ್ನು ಗೊತ್ತು ಮಾಡಿ. ಹುಡುಗಿಗೆ ಮಹಿಳೆ, ಹುಡುಗನಿಗೆ ಪುರುಷ ಇದ್ದರೆ ಸಂಕೋಚ ಇರುವುದಿಲ್ಲ. ಸಂಬಳ, ಸಮಯ, ರಜೆ ಎಲ್ಲವನ್ನೂ ಬರೆದಿಟ್ಟುಕೊಳ್ಳಿ. ಒಬ್ಬರು ರಜೆ ಹಾಕಿದರೆ ಬರಲು ಇನ್ನೊಬ್ಬರೂ ಕಲಿತಿರಬೇಕು. ಗೆಳೆಯರು ಬ್ಯಾಗ್ ಹಿಡಿಯಲಿ, ಗಾಡಿ ತಳ್ಳಲಿ. ಸ್ನಾನ, ಶೌಚದ ಹೊಣೆ ಅವರ ಮೇಲೆ ಹಾಕಬೇಡಿ.

ಕಾಲೇಜು ಶುರುವಾಗುವ ಮೊದಲು ಸಹಾಯಕರು ಒಂದು ವಾರವಾದರೂ ಮನೆಗೆ ಬಂದು ಉಮ್ಮನಿಂದ, ಫಿಸಿಯೋ ಅವರಿಂದ ಕಲಿಯಲಿ. ಎದೆಯ ಮೇಲ್ಭಾಗ ಅಥವಾ ಕುತ್ತಿಗೆಯಲ್ಲಿ ಪೆಟ್ಟಾದವರಿಗೆ ಇದ್ದಕ್ಕಿದ್ದಂತೆ ವಿಪರೀತ ತಲೆನೋವು, ಬೆವರು ಬಂದರೆ ಅದು ಬಿಪಿ ಏರಿದ ಸೂಚನೆ ಇರಬಹುದು. ಕೂಡಲೇ ನೇರ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಮೂತ್ರದ ಟ್ಯೂಬ್ ಕಟ್ಟಿದೆಯೇ ನೋಡಬೇಕು. ಕಡಿಮೆಯಾಗದಿದ್ದರೆ ತಡಮಾಡದೆ ಆಸ್ಪತ್ರೆಗೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಂತೆ ಸರಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 40 ಅಥವಾ ಹೆಚ್ಚು ವೈಕಲ್ಯ ಇರುವವರಿಗೆ ಕನಿಷ್ಠ ಶೇ. 5 ಸೀಟು ಮೀಸಲು. ಯುಡಿಐಡಿ ಕಾರ್ಡ್ ದೇಶದೆಲ್ಲೆಡೆ ನಡೆಯುತ್ತದೆ. ನೆಲ ಅಂತಸ್ತಿನ ಕ್ಲಾಸು, ರ‍್ಯಾಂಪ್, ಹಾಸ್ಟೆಲ್‌ನಲ್ಲಿ ಸಹಾಯಕರಿಗೂ ಜಾಗ, ಪರೀಕ್ಷೆಗೆ ಬರೆಯುವವರು ಇವನ್ನು ಪ್ರಾಂಶುಪಾಲರಿಗೆ ಲಿಖಿತವಾಗಿ ಕೇಳಿ, ಒಂದು ಪ್ರತಿ ಇಟ್ಟುಕೊಳ್ಳಿ.

ಉಳಿಯುವುದು ದುಡ್ಡಿನ ಪ್ರಶ್ನೆ. ಊರಿನ ಪಂಚಾಯತ್‌ನ ಪಾಲಿಯೇಟಿವ್ ನರ್ಸ್ ಮಂಗಳೂರಿಗೆ ಬರುವಂತಿಲ್ಲ. ಸಹಾಯಕರ ಸಂಬಳ ತಿಂಗಳು ತಿಂಗಳೂ ಕೊಡಬೇಕು. ವೀಲ್‌ಚೇರ್ ವಿತರಿಸುವ ಜಮಾಅತ್‌ಗಳು, ಸಂಘಟನೆಗಳು ಒಬ್ಬ ವಿದ್ಯಾರ್ಥಿಯ ಸಹಾಯಕರ ಸಂಬಳವನ್ನು 3 ವರ್ಷ ಹೊತ್ತರೆ ಒಂದು ಡಿಗ್ರಿ ಪೂರ್ತಿಯಾಗುತ್ತದೆ. ಯಾರು ಬೇಕು, ಯಾವಾಗ ಬೇಕು ಎಂಬ ತೀರ್ಮಾನ ಮಾತ್ರ ಆ ವಿದ್ಯಾರ್ಥಿಯದ್ದೇ ಆಗಿರಲಿ.